ಮನೆ ಮಾರಿ ಅಚ್ಚುಕೂಟ ಹಾಕಿದ ಶರಣರು



ಮಗ ಅಂಗಡಿ ಹಾಕುತ್ತೇನೆ ಎನ್ನುತ್ತಾನೆ, ಮೊಮ್ಮಗ ಗಿರಣಿ ಹಾಕುತ್ತೇನೆ ಎನ್ನುತ್ತಾನೆ, ಹೊಲ ಒತ್ತೆ ಇಡಲೋ ಬೇಡವೋ ಎಂದು ಮಠಕ್ಕೆ ಬಂದು ಕೇಳುವ ಹಿರಿಯರು ಬಹಳ ಮಂದಿ. ಅಂಥವರು ಬಂದಾಗಲೆಲ್ಲ ನಮಗೆ ನೆನಪಾಗುವವರು ವಚನ ಪಿತಾಮಹ ಫ.ಗು. ಹಳಕಟ್ಟಿಯವರು. ಅವರನ್ನು ವಚನಗಳ ಉದ್ಧಾರಕರೆಂದು ನಾಡೆಲ್ಲ ಬಲ್ಲದು. ಸ್ವಂತ ಉದ್ಯೋಗವೊಂದನ್ನು ಹೂಡಿ ಅದರ ಬಿಸಿಯನ್ನು ಉಂಡವರೆಂಬುದನ್ನು ಮಾತ್ರ ಬಲ್ಲವರು ಕಡಿಮೆ.

1880ರ ಜುಲೈ 2ರಂದು ಧಾರವಾಡದಲ್ಲಿ ಗುರುಬಸಪ್ಪನವರ ಮಗನಾಗಿ ಜನಿಸಿದ ಫಕೀರಪ್ಪನವರು ಮುಂಬಯಿಯಲ್ಲಿ ಓದಿ, 1904ರಲ್ಲಿ ಕಾನೂನು ಪದವಿ ಪಡೆದರು. ಬೆಳಗಾವಿಯಲ್ಲಿ ಕೆಲಕಾಲವಿದ್ದು ಆಮೇಲೆ ಬಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ ಬಂದು ವಕೀಲಿ ಹಿಡಿದರು. ಮುಂದೆ ಸರಕಾರಿ ವಕೀಲರೂ ಆದರು. ಕೈತುಂಬ ಗಳಿಸಿ ತಣ್ಣಗೆ ಇರಬಹುದಾಗಿದ್ದ ವೃತ್ತಿ ಅದು.

ಅವರಿಗೆ ಲೆಕ್ಕ ತಿಳಿಯದು ಎಂದು ಯಾರೂ ಹೇಳುವಂತಿಲ್ಲ. 1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಯನ್ನು, 1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಿ ನಿಲ್ಲಿಸಿದವರು ಅವರು. ಸಾಹುಕಾರನ ಬಡ್ಡಿಗೆ ಸಿಕ್ಕು ಒಕ್ಕಲಿಗನೂ ಸಣ್ಣ ವ್ಯಾಪಾರಿಯೂ ಹೇಗೆ ಮುಳುಗುತ್ತಾರೆಂಬುದನ್ನು ಕೋರ್ಟಿನ ಕಾಗದಗಳಲ್ಲಿ ನಿತ್ಯ ಕಾಣುವ ವಕೀಲರಿಗೆ ಬಂಡವಾಳದ ಬೆಲೆಯನ್ನು ಬೇರೆ ಯಾರು ಕಲಿಸಬೇಕು?

ಹೀಗಿರುವಾಗ ತಾಡೋಲೆಗಳ ಹುಚ್ಚು ಹಿಡಿಯಿತು. ಮಠ, ಮನೆ, ಅಟ್ಟ, ಜಗುಲಿ ಎಂದು ಊರೂರು ಸುತ್ತಿ ಕಟ್ಟುಗಳನ್ನು ಕೂಡಿಸಿದರು. ಕೆಲವು ಕಡೆ ಅವು ಪೂಜೆಗೊಳ್ಳುತ್ತಿದ್ದವು, ಕೆಲವು ಕಡೆ ಹುಳ ತಿನ್ನುತ್ತಿದ್ದವು, ಓದುವವರಂತೂ ಇರಲಿಲ್ಲ. ವರುಷಗಟ್ಟಲೆ ಪ್ರತಿ ಮಾಡಿ ಸಿದ್ಧಪಡಿಸಿದ 'ವಚನಶಾಸ್ತ್ರಸಾರ'ದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿದರೆ ಅದು ಅಚ್ಚಾಗದೆ ಹಿಂದಿರುಗಿತು. ಕಡೆಗೆ 1923ರಲ್ಲಿ ಬೆಳಗಾವಿಯಲ್ಲಿ ಮೊದಲ ಭಾಗ ಅಚ್ಚಾಯಿತು. ಪರರ ಅಚ್ಚುಕೂಟದ ಬಾಗಿಲು ಕಾಯುತ್ತ ಕುಳಿತರೆ ಉಳಿದ ಕಟ್ಟುಗಳು ಮಣ್ಣಾಗುತ್ತವೆ ಎಂಬುದು ಅವರಿಗೆ ಖಾತ್ರಿಯಾಯಿತು. 1925ರಲ್ಲಿ ತಮ್ಮ ಸ್ವಂತ ಮನೆಯನ್ನು ಮಾರಿ ಬಿಜಾಪುರದಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ತೆರೆದರು. ತಾವು ಹೆಂಡತಿ ಮಕ್ಕಳೊಡನೆ ಬಾಡಿಗೆ ಮನೆ ಸೇರಿದರು.

ಅಚ್ಚುಕೂಟವೆಂದರೆ ಯಂತ್ರವೊಂದನ್ನು ತಂದು ನಿಲ್ಲಿಸಿದರೆ ಮುಗಿಯಿತು ಎಂದು ಹೊರಗಿನವರು ತಿಳಿಯುತ್ತಾರೆ. ಖರ್ಚು ಶುರುವಾಗುವುದೇ ಆಮೇಲೆ. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ಎಷ್ಟೊಂದು ಬಗೆಯ ಸೀಸದ ಮೊಳೆಗಳು ಬೇಕು! ಒಂದೊಂದನ್ನೇ ಹೆಕ್ಕಿ ಜೋಡಿಸುವವನಿಗೆ ಕೂಲಿ, ಕಾಗದಕ್ಕೆ ಹಣ, ಮಸಿಗೆ ಹಣ, ಅಂಚೆಗೆ ಹಣ. ಇವೆಲ್ಲ ನಗದು. ಬರುವುದೋ ಉದ್ರಿ. ಪುಸ್ತಕ ಕೊಂಡೊಯ್ದವನು ಹಣ ಕೊಡಲು ಮರೆಯುತ್ತಾನೆ, ಚಂದಾ ಒಪ್ಪಿದವನು ಮುಂದಿನ ಸುಗ್ಗಿಗೆ ಎನ್ನುತ್ತಾನೆ. ಅದರಲ್ಲೂ ಹಳಕಟ್ಟಿಯವರು ಆರಿಸಿಕೊಂಡ ಸರಕು, ಕೊಳ್ಳುವವರಿಗೆ ಬೇಕೆಂದೇ ಗೊತ್ತಿಲ್ಲದ ಸರಕು. ಇಂಥ ವ್ಯಾಪಾರಕ್ಕೆ ಅವರ ಬ್ಯಾಂಕಿನಲ್ಲಿಯೇ ಬೇರೆ ಯಾರಾದರೂ ಸಾಲ ಕೇಳಿದ್ದರೆ ಎರಡು ಸಲ ಯೋಚಿಸಬೇಕಾಗುತ್ತಿತ್ತು.

ಆದರೂ 1926ರಲ್ಲಿ 'ಶಿವಾನುಭವ' ಪತ್ರಿಕೆ ಹೊರಟಿತು. 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆ. 1926ರಲ್ಲಿಯೇ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮೆರವಣಿಗೆ ಮುಗಿಸಿ ಊರಿಗೆ ಬಂದರೆ ಕಾದಿದ್ದದ್ದು ಕರಡು ತಿದ್ದುವ ಕೆಲಸ. ವಕೀಲಿಯಲ್ಲಿ ಗಳಿಸಿದ್ದು ಅಚ್ಚುಕೂಟದ ಹೊಟ್ಟೆಗೆ ಹೋಯಿತು. ಹರಿದ ಕೋಟು, ಹಳೆಯ ಸೈಕಲ್ಲು ಎಂದು ಆ ಭಾಗದ ಹಿರಿಯರು ಅವರನ್ನು ನೆನೆಯುವುದುಂಟು.

ಮನೆಮಂದಿಯ ಸೂರು ಮಾರಿದ್ದು ಸರಿಯೇ ಎಂದು ಒಬ್ಬ ತಾಯಿ ನಮ್ಮನ್ನು ಕೇಳಿದ್ದರು. ಆ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಪತ್ನಿ ಭಾಗೀರಥಿಬಾಯಿಯವರ ಪಾಲಿಗೆ ಬಂದ ಕಷ್ಟವನ್ನು ಬರೆದವರು ಕಡಿಮೆ, ಹೊಗಳಿದವರು ಇನ್ನೂ ಕಡಿಮೆ. ಆದರೆ ಒಂದನ್ನು ಗಮನಿಸಬೇಕು. ಬ್ಯಾಂಕಿನಲ್ಲಿದ್ದುದು ಊರಿನ ಹಣ. ಅದನ್ನು ಅವರು ಲೆಕ್ಕಕ್ಕೆ ತಪ್ಪದಂತೆ ಬೆಳೆಸಿದರು. ಅಚ್ಚುಕೂಟಕ್ಕೆ ಸುರಿದದ್ದು ತಮ್ಮದು. ಲಾಭವಾಗದಿದ್ದರೂ ಮೂರು ದಶಕ ಮೀರಿ 'ಶಿವಾನುಭವ'ವನ್ನು ನಡೆಸಿದರು. ಹೆಸರೂ ಕೇಳಿರದ ಎಷ್ಟೋ ಶರಣ ಶರಣೆಯರು ಆ ಸೀಸದ ಮೊಳೆಗಳಿಂದ ಎದ್ದು ಬಂದರು.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1964ರ ಜೂನ್ 29ರಂದು ಲಿಂಗೈಕ್ಯರಾದರು. ಇಂದು ವಿಜಯಪುರದಲ್ಲಿ ಅವರ ಹೆಸರಿನ ಇಂಜಿನಿಯರಿಂಗ್ ಕಾಲೇಜಿದೆ. ಯಂತ್ರ ಕಲಿಯಲು ಹಳ್ಳಿಯ ಮಕ್ಕಳು ಆ ಹೆಸರಿನ ಕೆಳಗೆ ಹಾದು ಒಳಗೆ ಹೋಗುತ್ತಾರೆ.