ಬೂಲ್ ಮೇಷ್ಟ್ರ ಜರಡಿ

ಲಾಜಿಕ್ ಡಿಸೈನ್ ಓದಿದ ನಮಗೆಲ್ಲ ಬೂಲ್ ಅಂದ್ರೆ ಟ್ರೂತ್ ಟೇಬಲ್, ಕೆ-ಮ್ಯಾಪ್, ಮತ್ತೆ ಇಂಟರ್ನಲ್ಸ್‌ನಲ್ಲಿ ಗ್ಯಾರಂಟಿ ಬರೋ ಒಂದು ಪ್ರಶ್ನೆ. ಆ ಹೆಸರಿನ ಹಿಂದೆ ಒಬ್ಬ ಸ್ಕೂಲ್ ಮೇಷ್ಟ್ರು ಇದ್ದರು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಈಗ ಎಐ ಏಜೆಂಟ್‌ಗಳು ನಮ್ಮ ಪರವಾಗಿ ಈಮೇಲ್ ಹುಡುಕಿ ಕೊಡೋ ಕಾಲ ಬಂದಿದೆ. ಆ ಹುಡುಕಾಟದ ಒಳಗೆ ಕೂತಿರೋದು ಈ ಮೇಷ್ಟ್ರ ಲೆಕ್ಕವೇ.

ಮೊದಲು ಆ ಕೆಲಸ ಹೇಗೆ ನಡೆಯುತ್ತೆ ನೋಡೋಣ. ಇಂಟರ್ನ್‌ಶಿಪ್ ಬಗ್ಗೆ ಏನಾದ್ರೂ ಬಂದಿದ್ಯಾ ನೋಡು ಅಂತ ಏಜೆಂಟ್‌ಗೆ ಹೇಳಿದ್ರೆ ಅದು ಇಡೀ ಇನ್‌ಬಾಕ್ಸ್ ಓದೋಕೆ ಕೂರಬೇಕಾಗಿಲ್ಲ. ಸಾವಿರಾರು ಮೆಸೇಜ್ ಒಂದೇ ಸಲಕ್ಕೆ ಅದಕ್ಕೆ ಹಿಡಿಸೋದೂ ಕಷ್ಟ. ಅದರ ಬದಲು ಮೆಸೇಜ್‌ಗಳನ್ನು ಪಟ್ಟಿ ಮಾಡೋ ಒಂದು ಟೂಲ್‌ಗೆ ಷರತ್ತುಗಳನ್ನು ಕೊಡುತ್ತೆ. ಪ್ಲೇಸ್‌ಮೆಂಟ್ ಸೆಲ್‌ನಿಂದ ಬಂದಿರಬೇಕು, ಇನ್ನೂ ಓದಿರಬಾರದು, ಈ ತಿಂಗಳದ್ದಾಗಿರಬೇಕು, ಹೀಗೆ. ಟೂಲ್ ಇನ್‌ಬಾಕ್ಸನ್ನು ಜರಡಿ ಹಿಡಿದು, ಉಳಿದವುಗಳ ಪಟ್ಟಿ ವಾಪಸ್ ಕೊಡುತ್ತೆ. ಏಜೆಂಟ್ ಆಮೇಲೆ ಅವನ್ನಷ್ಟೇ ತೆರೆದು ಓದುತ್ತೆ.

ಈ ಜರಡಿಗೆ ಗಣಿತ ಕೊಟ್ಟ ಜಾರ್ಜ್ ಬೂಲ್ ಹುಟ್ಟಿದ್ದು 1815ರ ನವೆಂಬರ್ 2ರಂದು, ಇಂಗ್ಲೆಂಡಿನ ಲಿಂಕನ್ ಊರಿನಲ್ಲಿ. ಅಪ್ಪ ಜಾನ್ ಬೂಲ್ ಬೂಟು ಹೊಲಿಯುವವರು. ಆದ್ರೆ ಮನಸ್ಸೆಲ್ಲಾ ದುರ್ಬೀನು, ಗಣಿತದ ಕಡೆ. ಅಂಗಡಿ ಉದ್ಧಾರ ಆಗಲಿಲ್ಲ, ಮಗನಿಗೆ ಮಾತ್ರ ಗಣಿತದ ರುಚಿ ಹತ್ತಿತು. ಲ್ಯಾಟಿನ್ ಕಲಿಸಿದ್ದು ಊರಿನ ಒಬ್ಬ ಪುಸ್ತಕ ವ್ಯಾಪಾರಿ, ಗ್ರೀಕ್ ಅನ್ನು ಹುಡುಗ ತಾನೇ ಕಲಿತ. 14ನೇ ವಯಸ್ಸಿಗೆ ಗ್ರೀಕ್ ಪದ್ಯವೊಂದನ್ನು ಅನುವಾದಿಸಿದಾಗ ಅದು ಊರಿನ ಪತ್ರಿಕೆಯಲ್ಲಿ ಅಚ್ಚಾಯ್ತು. ಇಷ್ಟು ಚಿಕ್ಕ ಹುಡುಗ ಇದನ್ನು ಮಾಡಿರಲು ಸಾಧ್ಯವೇ ಇಲ್ಲ ಅಂತ ಒಬ್ಬರು ಜಗಳಕ್ಕೇ ನಿಂತರು.

16ನೇ ವಯಸ್ಸಿಗೆ ಅಪ್ಪನ ವ್ಯಾಪಾರ ಪೂರ್ತಿ ಕುಸಿಯಿತು. ಮನೆ ನಡೆಸಲು ಬೂಲ್ ಡಾನ್‌ಕ್ಯಾಸ್ಟರ್‌ನಲ್ಲಿ ಸಹಾಯಕ ಮೇಷ್ಟ್ರಾದರು. 19ಕ್ಕೆ, ಅಂದ್ರೆ ಈಗ ನಮಗಿರೋ ವಯಸ್ಸಿಗೆ, ಲಿಂಕನ್‌ನಲ್ಲಿ ಸ್ವಂತ ಶಾಲೆ ತೆರೆದರು. ನಾವು ಇನ್ನೂ ಬ್ಯಾಕ್‌ಲಾಗ್ ಎಣಿಸ್ತಾ ಇರೋ ವಯಸ್ಸು ಅದು! ಕಾಲೇಜ್ ಮೆಟ್ಟಿಲು ಹತ್ತದ ಅವರು ಫ್ರೆಂಚ್ ಗಣಿತ ಪುಸ್ತಕಗಳನ್ನು ಒಬ್ಬರೇ ಕೂತು ಓದಿದರು. 1844ರಲ್ಲಿ ರಾಯಲ್ ಸೊಸೈಟಿ ಅವರ ಪ್ರಬಂಧಕ್ಕೆ ಚಿನ್ನದ ಪದಕ ಕೊಟ್ಟಿತು. 1849ರಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿದ್ದ ಕ್ವೀನ್ಸ್ ಕಾಲೇಜು, ಡಿಗ್ರಿಯೇ ಇಲ್ಲದ ಇವರನ್ನು ಗಣಿತದ ಪ್ರೊಫೆಸರ್ ಮಾಡಿಕೊಂಡಿತು.

ನಮ್ಮ ವಿಷಯಕ್ಕೆ ಬೇಕಾದ ಪುಸ್ತಕ ಅದಕ್ಕೂ ಎರಡು ವರ್ಷ ಮೊದಲು, 1847ರಲ್ಲಿ ಬಂದಿತ್ತು. ತರ್ಕವನ್ನು ಬೀಜಗಣಿತದ ಥರ ಬರೆಯಬಹುದು ಅಂತ ಬೂಲ್ ಅದರಲ್ಲಿ ತೋರಿಸಿದರು. ಅವರ ಪ್ರಕಾರ ಒಂದು ಅಕ್ಷರ ಅಂದ್ರೆ ಒಂದು ಸಂಖ್ಯೆ ಅಲ್ಲ, ಆರಿಸುವ ಒಂದು ಕ್ರಿಯೆ. ನಮ್ಮ ಇನ್‌ಬಾಕ್ಸ್‌ಗೇ ಹಚ್ಚಿ ನೋಡೋಣ. ಇಡೀ ಇನ್‌ಬಾಕ್ಸ್ 1, ಏನೂ ಇಲ್ಲದ್ದು 0. ಪ್ಲೇಸ್‌ಮೆಂಟ್ ಸೆಲ್‌ನ ಮೆಸೇಜ್‌ಗಳನ್ನು ಆರಿಸೋದು ಪ, ಓದದೇ ಇರೋದನ್ನು ಆರಿಸೋದು ಓ. ಪ × ಓ ಅಂದ್ರೆ ಎರಡೂ ಷರತ್ತಿಗೆ ಹೊಂದುವವು. 1 − ಓ ಅಂದ್ರೆ ಓದಿ ಮುಗಿದವು. ಯಾವ ಷರತ್ತು ಮೊದಲು ಹಾಕಿದ್ರೂ ಉತ್ತರ ಒಂದೇ. ಇನ್ನೂ ಮಜಾ ಏನಂದ್ರೆ, ಪ × ಪ = ಪ. ಒಮ್ಮೆ ಆರಿಸಿದ್ದನ್ನು ಅದೇ ಷರತ್ತಿನಿಂದ ಮತ್ತೆ ಆರಿಸಿದ್ರೆ ಹೊಸದೇನೂ ಸಿಗಲ್ಲ, ಏನೂ ಕಳೆಯೋದೂ ಇಲ್ಲ. ಮಾಮೂಲಿ ಸಂಖ್ಯೆಗಳಲ್ಲಿ ಈ ನಿಯಮಕ್ಕೆ ಒಪ್ಪೋದು 0 ಮತ್ತು 1 ಮಾತ್ರ. ನಮ್ಮ ಗೇಟ್‌ಗಳಲ್ಲಿ ಇರೋದೂ ಅವೆರಡೇ.

1854ರಲ್ಲಿ ಇದೇ ವಿಚಾರವನ್ನು ಬೆಳೆಸಿ ಚಿಂತನೆಯ ನಿಯಮಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು. ಅದರಲ್ಲಿ ತರ್ಕ ಆದಮೇಲೆ ಸಂಭವನೀಯತೆ ಬರುತ್ತೆ. ಇವತ್ತಿನ ಏಜೆಂಟ್‌ನಲ್ಲೂ ಇವೆರಡೂ ಜೋಡಿಯಾಗಿವೆ. ನಮ್ಮ ಮಾತಿನ ಅರ್ಥವನ್ನು ಅದು ಸಂಭವನೀಯತೆಯಿಂದ ಊಹಿಸುತ್ತೆ, ಟೂಲ್ ಮಾತ್ರ ತರ್ಕದಿಂದ ಜರಡಿ ಹಿಡಿಯುತ್ತೆ.

1855ರಲ್ಲಿ ಬೂಲ್ ಮೇರಿ ಎವರೆಸ್ಟ್ ಅವರನ್ನು ಮದುವೆಯಾದರು. ಮೇರಿಯ ದೊಡ್ಡಪ್ಪ ಜಾರ್ಜ್ ಎವರೆಸ್ಟ್ ಭಾರತದ ಸರ್ವೇಯರ್ ಜನರಲ್ ಆಗಿದ್ದವರು, ಆ ಶಿಖರಕ್ಕೆ ಇಟ್ಟಿರೋದು ಅವರದೇ ಹೆಸರು. ದಂಪತಿಗೆ ಐದು ಹೆಣ್ಣುಮಕ್ಕಳು. 1864ರ ನವೆಂಬರ್‌ನಲ್ಲಿ ಬೂಲ್ ಜೋರು ಮಳೆಯಲ್ಲಿ ಮನೆಯಿಂದ ಕಾಲೇಜಿಗೆ ನಡೆದು ಹೋಗಿ, ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿದರು. ಜ್ವರ ಹಿಡಿಯಿತು, ಶ್ವಾಸಕೋಶಕ್ಕೆ ಇಳಿಯಿತು. ಡಿಸೆಂಬರ್ 8ರಂದು ತೀರಿಕೊಂಡರು. ವಯಸ್ಸು 49. ಕೊನೆಯ ಮಗಳು ಎಥೆಲ್‌ಗೆ ಆಗ ವರ್ಷ ಕೂಡ ತುಂಬಿರಲಿಲ್ಲ. ಅವಳು ಮುಂದೆ ಕಾದಂಬರಿಕಾರ್ತಿಯಾದಳು. ಅಕ್ಕ ಅಲಿಸಿಯಾ ನಾಲ್ಕು ಆಯಾಮದ ಆಕೃತಿಗಳ ಮೇಲೆ ಕೆಲಸ ಮಾಡಿದಳು, ಅವಳಿಗೂ ಡಿಗ್ರಿ ಇರಲಿಲ್ಲ.

ಬೂಲ್ ತೀರಿಹೋಗಿ ಎಪ್ಪತ್ತಕ್ಕೂ ಹೆಚ್ಚು ವರ್ಷವಾದ ಮೇಲೆ, 1937ರಲ್ಲಿ, ಕ್ಲಾಡ್ ಶಾನನ್ ಎಂಐಟಿಯ ತಮ್ಮ ಮಾಸ್ಟರ್ಸ್ ಪ್ರಬಂಧದಲ್ಲಿ ರಿಲೇ ಸ್ವಿಚ್‌ಗಳಿಗೆ ಈ ಬೀಜಗಣಿತ ಹೊಂದುತ್ತೆ ಅಂತ ತೋರಿಸಿದರು. ಅಲ್ಲಿಂದ ಅದು ಸರ್ಕ್ಯೂಟ್‌ಗಳಿಗೆ ಇಳಿಯಿತು.

ಮೇಷ್ಟ್ರ ಲೆಕ್ಕದಿಂದ ನಾವು ಕಲಿಯಬೇಕಾದ್ದು ಇನ್ನೊಂದಿದೆ. ಜರಡಿ ಸುಳ್ಳು ಹೇಳಲ್ಲ, ಆದ್ರೆ ಕೇಳಿದ್ದಕ್ಕಿಂತ ಹೆಚ್ಚೂ ಹೇಳಲ್ಲ. ಏಜೆಂಟ್ ಪ್ಲೇಸ್‌ಮೆಂಟ್ ಸೆಲ್ ಅಂತ ಮಾತ್ರ ಷರತ್ತು ಹಾಕಿ, ಕಂಪನಿಯವರು ನೇರವಾಗಿ ನಮಗೇ ಬರೆದಿದ್ರೆ, ಆ ಮೆಸೇಜ್ 1 − ಪ ಕಡೆ ಬಿದ್ದಿರುತ್ತೆ. ಪಟ್ಟಿ ಖಾಲಿ. ಏಜೆಂಟ್ ಆರಾಮಾಗಿ ಏನೂ ಬಂದಿಲ್ಲ ಅನ್ನುತ್ತೆ, ಕೊನೇ ದಿನಾಂಕ ಕಳೆದು ಹೋಗುತ್ತೆ. ಲೆಕ್ಕ ಸರಿಯಾಗೇ ಇತ್ತು, ಷರತ್ತು ಮಾತ್ರ ಕಿರಿದಾಗಿತ್ತು. ಅದಕ್ಕೇ ಖಾಲಿ ಪಟ್ಟಿ ಬಂದಾಗ, ಯಾವ ಷರತ್ತು ಹಾಕಿ ಹುಡುಕಿದೆ ಅಂತ ಏಜೆಂಟನ್ನು ಒಂದು ಸಲ ಕೇಳೋಣ. ಆ ಷರತ್ತನ್ನು ಓದಿ ಸರಿಯಾ ತಪ್ಪಾ ಹೇಳೋಕೆ ಬೇಕಾದ ಗಣಿತ ನಮಗೆ ಆಗಲೇ ಬರುತ್ತೆ.