ತಂತಿ ಎಳೆದ ಡಾಕ್ಟರು

ಟೆಲಿಕಾಂ ಅಂದ ತಕ್ಷಣ ನಮಗೆ ಬೆಲ್, ಮಾರ್ಕೋನಿ ನೆನಪಾಗ್ತಾರೆ. ಆದ್ರೆ ಇಂಡಿಯಾದ ಉದ್ದಗಲಕ್ಕೂ ಮೊದಲು ಟೆಲಿಗ್ರಾಫ್ ತಂತಿ ಎಳೆಸಿದವರು ಇಂಜಿನಿಯರೇ ಅಲ್ಲ, ಒಬ್ಬ ಡಾಕ್ಟರು. ಹೆಸರು ವಿಲಿಯಂ ಬ್ರೂಕ್ ಓಶಾನೆಸ್ಸಿ.

1809ರ ಆಸುಪಾಸಿನಲ್ಲಿ ಐರ್ಲೆಂಡಿನ ಲಿಮರಿಕ್‌ನಲ್ಲಿ ಹುಟ್ಟಿದ ಇವರು ಎಡಿನ್‌ಬರೋದಲ್ಲಿ ಮೆಡಿಕಲ್ ಓದಿದರು. 1831ರಲ್ಲಿ ಇಂಗ್ಲೆಂಡಿಗೆ ಕಾಲರಾ ಬಂತು. ರೋಗಿಗಳ ರಕ್ತ ಪರೀಕ್ಷೆ ಮಾಡಿ, ಅದರಲ್ಲಿ ನೀರು, ಉಪ್ಪು ಎರಡೂ ಕಮ್ಮಿಯಾಗಿದೆ ಅಂತ ಕಂಡುಹಿಡಿದರು. ಇವತ್ತು ಆಸ್ಪತ್ರೆಯಲ್ಲಿ ಹಾಕೋ ಡ್ರಿಪ್‌ಗೆ ದಾರಿ ತೋರಿಸಿದ್ದು ಇದೇ ಕೆಲಸ. ಆಗ ಅವರಿಗೆ ನಮಗಿಂತ ಎರಡು ಮೂರು ವರ್ಷ ಜಾಸ್ತಿ ಅಷ್ಟೇ! ಊಹೆ ಮಾಡೋದಲ್ಲ, ಅಳೆದು ನೋಡೋದು ಅನ್ನೋ ಬುದ್ಧಿ ಅಲ್ಲಿಂದಲೇ ಬಂದಿರಬೇಕು.

1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಸೇರಿ ಕಲ್ಕತ್ತಾಗೆ ಬಂದರು. ಮೆಡಿಕಲ್ ಕಾಲೇಜಲ್ಲಿ ಕೆಮಿಸ್ಟ್ರಿ ಪ್ರೊಫೆಸರ್ ಆದರು. 1839ರಲ್ಲಿ ಅಲ್ಲಿನ ಬೊಟಾನಿಕಲ್ ಗಾರ್ಡನ್‌ನಲ್ಲಿ ಮೈಲಿಗಟ್ಟಲೆ ತಂತಿ ಸುತ್ತಿ ಸಿಗ್ನಲ್ ಕಳಿಸಿದರು. ರಿಸೀವರ್ ಏನು ಗೊತ್ತಾ? ಬೆರಳು! ಶಾಕ್ ಹೊಡೆದರೆ ಸಿಗ್ನಲ್ ಬಂತು ಅಂತ ಲೆಕ್ಕ.

ಸರ್ಕಾರ ಇದನ್ನ ಸೀರಿಯಸ್ಸಾಗಿ ತಗೊಳ್ಳೋಕೆ ಸುಮಾರು ಹತ್ತು ವರ್ಷ ಬೇಕಾಯ್ತು. 1851ರಲ್ಲಿ ಕಲ್ಕತ್ತಾದಿಂದ ಡೈಮಂಡ್ ಹಾರ್ಬರ್‌ಗೆ ಲೈನ್ ಬಂತು. ಹತ್ತಿರ ಹತ್ತಿರ 50 ಕಿಲೋಮೀಟರ್, ಅಂದ್ರೆ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗೋ ದೂರಕ್ಕಿಂತ ಸ್ವಲ್ಪ ಜಾಸ್ತಿ. ಇಲ್ಲಿ ಅವರು ಬಳಸಿದ್ದು ತೆಳ್ಳಗಿನ ತಂತಿ ಅಲ್ಲ, ದಪ್ಪ ಕಬ್ಬಿಣದ ಸರಳು. ಯಾಕೆ? ಇಲ್ಲಿ ಕೋತಿ ಜೋತಾಡುತ್ತೆ, ಹದ್ದು ಬಂದು ಕೂರುತ್ತೆ, ಬಿರುಗಾಳಿ ಬೀಸುತ್ತೆ. ದಪ್ಪ ಸರಳು ಅದನ್ನೆಲ್ಲ ತಡೆಯುತ್ತೆ. ರೆಸಿಸ್ಟೆನ್ಸ್ ಕೂಡ ಕಮ್ಮಿ, ಹಾಗಾಗಿ ಸ್ವಲ್ಪ ಕರೆಂಟ್ ಲೀಕ್ ಆದ್ರೂ ಆ ಕಡೆ ತಲುಪುವಷ್ಟು ಉಳಿಯುತ್ತೆ. ಬಂಡೀಪುರದ ರಸ್ತೆಯಲ್ಲಿ ಕೋತಿ ಕಾಟ ನೋಡಿರೋ ನಮಗೆ ಈ ಲಾಜಿಕ್ ಬೇಗ ಅರ್ಥ ಆಗುತ್ತೆ. ಲಂಡನ್ನಿನ ಡಿಸೈನನ್ನ ಹಾಗೇ ತಂದು ಹಾಕಲಿಲ್ಲ, ಊರು ನೋಡಿ ಡಿಸೈನ್ ಮಾಡಿದರು.

ಮುಂದೆ ಡಾಲ್‌ಹೌಸಿ ಇವರನ್ನೇ ಟೆಲಿಗ್ರಾಫ್ ಇಲಾಖೆಯ ಮುಖ್ಯಸ್ಥರನ್ನಾಗಿ ಮಾಡಿದ. 1853ರ ನವೆಂಬರಲ್ಲಿ ಕೆಲಸ ಶುರು, 1854ರ ಮಾರ್ಚ್‌ನಲ್ಲಿ ಆಗ್ರಾದಿಂದ ಕಲ್ಕತ್ತಾಗೆ ಮೆಸೇಜ್! ಸುಮಾರು 1,300 ಕಿಲೋಮೀಟರ್, ಐದು ತಿಂಗಳೂ ಹಿಡಿಯಲಿಲ್ಲ. 1855ರ ಹೊತ್ತಿಗೆ ಬಾಂಬೆ–ಮದ್ರಾಸ್ ಲೈನ್ ನಮ್ಮ ಬಳ್ಳಾರಿ, ಬೆಂಗಳೂರು ಮೇಲೇ ಹೋಯ್ತು. ಈ ಕಡೆ ಮರದ ಕಂಬದ ಬದಲು ಗ್ರಾನೈಟ್ ಕಂಬಗಳನ್ನೂ ನೆಟ್ಟರು. ಗೆದ್ದಲು ಹಿಡಿಯಲ್ಲ, ಮಳೆಗೆ ಕೊಳೆಯಲ್ಲ. ಕರಿಕಲ್ಲಿನ ಕ್ವಾರಿ ಇರೋ ಜಿಲ್ಲೆಯವರಿಗೆ ಕಲ್ಲಿನ ತಾಕತ್ತು ಹೇಳಿಕೊಡಬೇಕಾ!

ಆದ್ರೆ ಕಥೆ ಇಲ್ಲಿಗೇ ಮುಗಿಯಲ್ಲ. ಅರ್ಜೆಂಟಲ್ಲಿ ಲೈನ್ ಮುಗಿಸೋಕೆ ಎಷ್ಟೋ ಕಡೆ ಮೊದಲು ಬಿದಿರಿನ ಕಂಬ ಹಾಕಿದ್ದರು. ಮೆಸೇಜ್ ಹೋಯ್ತು, ಎಲ್ರೂ ಚಪ್ಪಾಳೆ ತಟ್ಟಿದರು. ಮಳೆಗಾಲ ಬಂದಾಗ ಒದ್ದೆ ಕಂಬದಿಂದ ಕರೆಂಟ್ ನೆಲಕ್ಕೆ ಇಳಿಯುತ್ತೆ, ಕಂಬ ವಾಲುತ್ತೆ. ಅಂಥ ಲೈನುಗಳನ್ನ ಆಮೇಲೆ ಮತ್ತೆ ಗಟ್ಟಿಯಾಗಿ ಕಟ್ಟಬೇಕಾಯ್ತು. ಅವರದೇ ಡಿಸೈನಿನ ಸೂಜಿಯ ಯಂತ್ರದ ಜಾಗಕ್ಕೂ ಮೋರ್ಸ್ ಯಂತ್ರ ಬಂತು. ಅದನ್ನ ವಿದೇಶಕ್ಕೆ ಹೋಗಿ ನೋಡಿಕೊಂಡು ಬಂದಿದ್ದೂ ಅವರೇ. ತನ್ನ ಯಂತ್ರವೇ ಇರಬೇಕು ಅಂತ ಹಠ ಹಿಡಿಯಲಿಲ್ಲ.

ಈ ತಂತಿ ನಮ್ಮ ಜನರಿಗಾಗಿ ಎಳೆದಿದ್ದಲ್ಲ ಅನ್ನೋದೂ ನಿಜ. 1857ರಲ್ಲಿ ಅದು ಬ್ರಿಟಿಷರ ಕೈ ಬಲಪಡಿಸ್ತು, ದಂಗೆ ಎದ್ದವರು ಕಂಡಲ್ಲೆಲ್ಲ ಕಿತ್ತು ಹಾಕಿದರು.

1860ರಲ್ಲಿ ಅವರು ಇಂಡಿಯಾ ಬಿಟ್ಟರು, 1889ರಲ್ಲಿ ಇಂಗ್ಲೆಂಡಲ್ಲಿ ತೀರಿಕೊಂಡರು. ಇಲ್ಲಿ ಟೆಲಿಗ್ರಾಂ ಸೇವೆ ನಿಂತಿದ್ದು 2013ರ ಜುಲೈನಲ್ಲಿ.

ಈಗ ನಮ್ಮ ಕಡೆ ಫೈಬರ್ ಬಂದಿದೆ. ನಾಳೆ ನಮ್ಮಲ್ಲೇ ಯಾರೋ ಟವರ್ ಸೈಟಿಗೆ ಹೋಗಿ ಸೈನ್ ಹಾಕ್ತೀವಿ. ಹಸಿರು ಲೈಟ್ ಉರಿದರೆ ಸಾಕಾಗಲ್ಲ. ಅರ್ಥಿಂಗ್ ಎಷ್ಟು ಓಮ್ ಇದೆ, ಸ್ಪ್ಲೈಸ್‌ನಲ್ಲಿ ಲಾಸ್ ಎಷ್ಟು, ಕೇಬಲ್ ಜಾಸ್ತಿ ಬಗ್ಗಿದೆಯಾ, ನೀರು ಒಳಗೆ ಹೋಗೋ ಸಂದು ಇದೆಯಾ, ಎಲ್ಲಾ ಅಳೆದು ನೋಡಬೇಕು. ಡಾಕ್ಟರು ರಕ್ತ ಪರೀಕ್ಷೆ ಮಾಡಿದ ಹಾಗೆ. ಮಳೆಗಾಲದ ರಾತ್ರಿ ಗುಂಡ್ಲುಪೇಟೆ ಆಚೆಯ ಹಳ್ಳಿಯಿಂದ ಯಾರೋ ಆಂಬುಲೆನ್ಸ್‌ಗೆ ಫೋನ್ ಮಾಡಿದಾಗ, ಅದು ಹೋಗುತ್ತಾ ಇಲ್ವಾ ಅನ್ನೋದು ಆ ಸೈನ್ ಮೇಲೆ ನಿಂತಿರುತ್ತೆ.