ಶಿವರಾಮ ಕಾರಂತರ ಅಲೆದಾಟದ ವರ್ಷಗಳು

ಗಂಗೊಳ್ಳಿ, ಶಿರೂರು, ನಾವುಂದ, ಕಂಡ್ಲೂರು, ಹೀಗೆ ನಮ್ಮ ಕರಾವಳಿಯ ಯಾವ ಊರಿನ ಮನೆಗೆ ಹೋದರೂ ಇಪ್ಪತ್ತರ ಆಸುಪಾಸಿನ ಮಗನ ಕುರಿತು ತಂದೆ ತಾಯಂದಿರು ಕೇಳುವ ಪ್ರಶ್ನೆ ಒಂದೇ. ಇವನು ಮುಂದೆ ಏನಾಗುತ್ತಾನೆ? ಪಾಸ್‌ಪೋರ್ಟ್ ಮಾಡಿಸಿ ಗಲ್ಫಿಗೆ ಕಳುಹಿಸಬೇಕೇ, ಅಂಗಡಿಯಲ್ಲಿ ಕೂರಿಸಬೇಕೇ, ಇನ್ನೂ ಓದಿಸಬೇಕೇ? ಹುಡುಗನಿಗಂತೂ ಉತ್ತರ ಗೊತ್ತಿಲ್ಲ. ತಾನು ಯಾರು, ತನ್ನಿಂದ ಏನಾದೀತು ಎಂಬುದು ಅವನಿಗೇ ಇನ್ನೂ ಸ್ಪಷ್ಟವಿಲ್ಲ. ಒಂದು ಕೆಲಸ ಹಿಡಿದು ಬಿಟ್ಟರೆ ಸಾಕು, ಕೆಲಸಕ್ಕೆ ಬಾರದವನೆಂಬ ಹಣೆಪಟ್ಟಿ ಬೀಳುತ್ತದೆ.

ನೂರು ವರ್ಷಗಳ ಹಿಂದೆ ಇದೇ ನೆಲದಲ್ಲಿ ಇಂತಹ ಹಣೆಪಟ್ಟಿಗೆ ಎಲ್ಲ ರೀತಿಯಲ್ಲೂ ಅರ್ಹನಾಗಿ ಕಾಣುತ್ತಿದ್ದ ಯುವಕನೊಬ್ಬನಿದ್ದ. ಇಂದಿನ ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದಲ್ಲಿ 1902ರ ಅಕ್ಟೋಬರ್ 10ರಂದು ಶೇಷ ಕಾರಂತ ಮತ್ತು ಲಕ್ಷ್ಮಮ್ಮ ದಂಪತಿಗಳಿಗೆ ಹುಟ್ಟಿದ ಶಿವರಾಮ ಕಾರಂತರೇ ಆ ಯುವಕ. ಕುಂದಾಪುರದ ಹೈಸ್ಕೂಲಿನಲ್ಲಿ ಓದಿ ಮಂಗಳೂರಿನ ಸರಕಾರಿ ಕಾಲೇಜು ಸೇರಿದರು. ಆ ಕಾಲದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಹುಡುಗನ ಮೇಲೆ ಮನೆಯವರ ನಿರೀಕ್ಷೆ ಎಷ್ಟಿದ್ದೀತು ಎಂಬುದನ್ನು ಹೇಳಬೇಕಾಗಿಲ್ಲ. ಆದರೆ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆ ಕಿವಿಗೆ ಬಿತ್ತು. 1922ರಲ್ಲಿ ಕಾರಂತರು ಕಾಲೇಜನ್ನು ಅರ್ಧಕ್ಕೆ ಬಿಟ್ಟು ಹೊರನಡೆದರು. ವಯಸ್ಸು ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಪದವಿ ಇಲ್ಲ, ಉದ್ಯೋಗ ಇಲ್ಲ.

ಮುಂದಿನ ಐದು ವರ್ಷ ಅವರು ಖಾದಿಯ ಪ್ರಚಾರಕ್ಕಾಗಿ ಊರೂರು ಸುತ್ತಿದರು. ಈ ಕೆಲಸದಲ್ಲಿ ಅವರಿಗೆ ಮುಂದಾಳಾಗಿದ್ದವರು ಮಂಗಳೂರಿನ ವಕೀಲರಾದ ಕಾರ್ನಾಡು ಸದಾಶಿವ ರಾಯರು. ತಮ್ಮ ಸಂಪತ್ತನ್ನೆಲ್ಲ ಜನರಿಗಾಗಿ ಕಳೆದುಕೊಂಡು 1937ರಲ್ಲಿ ಬಡವರಾಗಿಯೇ ಕಣ್ಣು ಮುಚ್ಚಿದ ಮಹನೀಯರು ಅವರು. ಹದಿಹರೆಯ ದಾಟುವ ಹೊತ್ತಿಗೆ ಯಾರ ಹಿಂದೆ ನಡೆಯುತ್ತೇವೆ ಎಂಬುದು ಸಣ್ಣ ವಿಷಯವಲ್ಲ. ಈ ದೃಷ್ಟಿಯಿಂದ ಕಾರಂತರು ಭಾಗ್ಯವಂತರು.

ಇದರ ನಡುವೆಯೇ ಅವರು ವಸಂತ ಎಂಬ ಪತ್ರಿಕೆಯನ್ನೂ ನಡೆಸಿದರು. ಅದು ಕೆಲವು ವರ್ಷ ನಡೆದು ನಿಂತುಹೋಯಿತು. ರಾಷ್ಟ್ರಗೀತ ಸುಧಾಕರ ಎಂಬ ಕವನ ಸಂಗ್ರಹ ಪ್ರಕಟಿಸಿದರು. ಕವಿಯೆಂದು ಯಾರೂ ಅವರನ್ನು ನೆನೆಯುವುದಿಲ್ಲ. ವಿಚಿತ್ರಕೂಟ ಎಂಬ ಮೊದಲ ಕಾದಂಬರಿ ಬರೆದರು. ಇಂದು ಅದನ್ನು ಓದುವವರು ವಿರಳ. ನಾಟಕ ಬರೆದರು, ಆಡಿಸಿದರು. ಛಾಯಾಚಿತ್ರದ ಹುಚ್ಚು ಹಿಡಿಯಿತು, ಮೂಕಿ ಚಿತ್ರ ತಯಾರಿಕೆಗೂ ಕೈಹಾಕಿದರು. ಒಂದನ್ನು ಪೂರ್ತಿ ಹಿಡಿಯದೆ ಇನ್ನೊಂದಕ್ಕೆ ಹಾರುವ ಇಂತಹ ಹುಡುಗ ನಮ್ಮ ಮೊಹಲ್ಲಾದಲ್ಲಿದ್ದರೆ ನಾವು ಏನೆನ್ನುತ್ತಿದ್ದೆವು? ಪ್ರಾಮಾಣಿಕವಾಗಿ ಯೋಚಿಸಿ ನೋಡಿ.

ಹಾಗಿದ್ದರೂ ಆ ವರ್ಷಗಳಲ್ಲಿ ಅವರು ಒಂದು ದಿನವೂ ಸುಮ್ಮನೆ ಕುಳಿತವರಲ್ಲ. ಯಾವ ಕೆಲಸಕ್ಕೆ ಕೈಹಚ್ಚಿದರೂ ಅದನ್ನು ಕಲಿತೇ ಮುಂದೆ ಸಾಗಿದರು. ಊರೂರು ಸುತ್ತುವಾಗ ಹಳ್ಳಿಯ ಬಡತನ, ಜಾತಿಯ ಕ್ರೌರ್ಯ, ಹೆಣ್ಣುಮಕ್ಕಳ ಬವಣೆ ಕಣ್ಣಿಗೆ ಬಿದ್ದವು. ಕಾಲೇಜಿನ ಬೆಂಚಿನಲ್ಲಿ ಕುಳಿತು ಕಲಿಯಲಾಗದ ಪಾಠವದು. 1933ರಲ್ಲಿ ಚೋಮನ ದುಡಿ ಹೊರಬಂದಾಗ ಅದರಲ್ಲಿದ್ದುದು ಈ ಪಾಠವೇ. ತುಂಡು ಭೂಮಿಯನ್ನು ಬೇಸಾಯ ಮಾಡಬೇಕೆಂಬ ಒಂದೇ ಒಂದು ಆಸೆಯುಳ್ಳ ಚೋಮ, ಹುಟ್ಟಿದ ಜಾತಿಯ ಕಾರಣಕ್ಕೆ ಅದು ದಕ್ಕದೆ ತನ್ನ ನೋವನ್ನು ದುಡಿಯ ಮೇಲೆ ಬಡಿದು ತೀರಿಸಿಕೊಳ್ಳುತ್ತಾನೆ. ಮಾನವರೆಲ್ಲರೂ ಒಬ್ಬನೇ ತಂದೆಯ ಮಕ್ಕಳೆಂದು ನಂಬುವ ನಾವು ನಮ್ಮ ಮಕ್ಕಳಿಗೆ ಓದಿಸಲೇಬೇಕಾದ ಪುಸ್ತಕವದು.

ಕಾರಂತರು ನೆಲೆ ಕಂಡದ್ದು ಪುತ್ತೂರಿನಲ್ಲಿ. ಅಲ್ಲಿ ಸಹಕಾರಿ ಚಳವಳಿಯನ್ನು ಕಟ್ಟಿದ ಮೊಳಹಳ್ಳಿ ಶಿವರಾಯರು ಈ ಅಲೆಮಾರಿ ಯುವಕನಿಗೆ ಆಸರೆಯಾಗಿ ನಿಂತರು. ಉಪದೇಶ ಮಾಡುವ ಹಿರಿಯರು ಎಲ್ಲ ಊರಿನಲ್ಲೂ ಸಿಗುತ್ತಾರೆ. ಕೆಲಸ ಮಾಡಲು ಜಾಗ ಬಿಟ್ಟುಕೊಡುವವರು ಬಹಳ ಕಡಿಮೆ. ಪುತ್ತೂರಿನ ಬಾಲವನದಲ್ಲಿ ಕಾರಂತರು ಮಕ್ಕಳೊಂದಿಗೆ ಕುಣಿದರು, ನಾಟಕವಾಡಿಸಿದರು, ಆಟದ ಮೂಲಕ ಪಾಠ ಕಲಿಸುವ ಪ್ರಯೋಗ ನಡೆಸಿದರು. ಮಕ್ಕಳಿಗಾಗಿ ಬಾಲ ಪ್ರಪಂಚ ಎಂಬ ಮೂರು ಸಂಪುಟಗಳ ವಿಶ್ವಕೋಶವನ್ನು ಒಬ್ಬರೇ ಬರೆದು ಮುಗಿಸಿದರು. 1936ರಲ್ಲಿ ಬೇರೆ ಸಮುದಾಯಕ್ಕೆ ಸೇರಿದ ಲೀಲಾ ಅವರನ್ನು ಮದುವೆಯಾದರು. ಆಗ ಅವರಿಗೆ ಮೂವತ್ತಮೂರು.

ಕಾಲೇಜು ಬಿಟ್ಟದ್ದೇ ದೊಡ್ಡತನವೆಂದು ನಮ್ಮ ಯುವಕರು ತಿಳಿಯುವ ಅಪಾಯವಿದೆ. ಅವರು ತರಗತಿ ಬಿಟ್ಟರೇ ಹೊರತು ಓದು ಬಿಡಲಿಲ್ಲ. ವಿಜ್ಞಾನದ ಪದವಿಯಿಲ್ಲದ ಅದೇ ವ್ಯಕ್ತಿ 1959ರಿಂದ 1964ರ ಅವಧಿಯಲ್ಲಿ ವಿಜ್ಞಾನ ಪ್ರಪಂಚದ ನಾಲ್ಕು ಸಂಪುಟಗಳನ್ನು ಕನ್ನಡಕ್ಕೆ ಕೊಟ್ಟರು. ಹಲವು ವಿಶ್ವವಿದ್ಯಾಲಯಗಳು ಅವರನ್ನು ಕರೆದು ಗೌರವ ಡಾಕ್ಟರೇಟ್ ನೀಡಿದವು.

ದಿಕ್ಕು ಕಾಣದ ಯೌವನದ ಕತೆಯನ್ನು ಅವರೇ 1941ರಲ್ಲಿ ಮರಳಿ ಮಣ್ಣಿಗೆ ಕಾದಂಬರಿಯಲ್ಲಿ ಹೇಳಿದ್ದಾರೆ. ಕೋಟದ ಕಡಲ ಬದಿಯ ಒಂದು ಮನೆತನದ ಮೂರು ತಲೆಮಾರುಗಳ ಕತೆಯದು. ಮಗ ಓದಿ ದೊಡ್ಡವನಾಗಲೆಂದು ಅಜ್ಜ ಐತಾಳರು ಹಣ ಸುರಿದರು. ಆ ಮಗ ಲಚ್ಚ ದುಶ್ಚಟಗಳಿಗೆ ಬಲಿಬಿದ್ದು ಆಸ್ತಿಯನ್ನೂ ಹೆಂಡತಿಯ ಬಾಳನ್ನೂ ಹಾಳುಗೆಡವಿದ. ಮೊಮ್ಮಗ ರಾಮ ಮದ್ರಾಸಿನಲ್ಲಿ ಓದಿ, ಚಳವಳಿಗೆ ಧುಮುಕಿ, ಕೆಲಸ ಹುಡುಕಿ ಮುಂಬಯಿಯಲ್ಲಿ ಅಲೆದು, ಕೊನೆಗೆ ತಾಯಿ ನಾಗವೇಣಿ ಕಷ್ಟಪಟ್ಟು ಕಾಯ್ದುಕೊಂಡ ಮನೆಗೇ ಮರಳುತ್ತಾನೆ. ಪರವೂರಿಗೆ ಹೋದ ಮಗನಿಗಾಗಿ ದಾರಿ ಕಾಯುವ ನಮ್ಮ ಅದೆಷ್ಟೋ ಉಮ್ಮಂದಿರು ನಾಗವೇಣಿಯನ್ನು ಒಡನೆಯೇ ಗುರುತಿಸಿಯಾರು. ಇಡೀ ಕಾದಂಬರಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಪಾತ್ರ ಈ ತಾಯಿಯದೇ.

ದೇವರ ವಿಷಯದಲ್ಲಿ ಕಾರಂತರ ನಿಲುವು ನಮ್ಮದಲ್ಲ. ತಾವು ಸ್ವತಃ ಕಂಡುಕೊಳ್ಳದ್ದನ್ನು ಒಪ್ಪದ ಸ್ವಭಾವ ಅವರದು, ಆ ವಿಷಯದಲ್ಲಿಯೂ ಹಾಗೆಯೇ. ಅದರ ತೀರ್ಮಾನ ಸೃಷ್ಟಿಕರ್ತನಿಗೆ ಸೇರಿದ್ದು. ಆದರೆ ಒಪ್ಪದ್ದನ್ನು ಒಪ್ಪಿದಂತೆ ನಟಿಸಿ ಜನರಿಂದ ಮನ್ನಣೆ ಪಡೆಯಲು ಅವರು ಹೋಗಲಿಲ್ಲ ಎಂಬುದನ್ನು ಗಮನಿಸಬೇಕು. ಕಪಟಾಚರಣೆಯನ್ನು ಮಹಾಪಾಪವೆಂದು ಕಲಿತವರು ನಾವು. 1968ರಲ್ಲಿ ಬಂದ ಪದ್ಮಭೂಷಣವನ್ನು ತುರ್ತು ಪರಿಸ್ಥಿತಿ ಹೇರಿದ್ದನ್ನು ಪ್ರತಿಭಟಿಸಿ 1975ರಲ್ಲಿ ಹಿಂದಿರುಗಿಸಿದರು. 1977ರಲ್ಲಿ ಮೂಕಜ್ಜಿಯ ಕನಸುಗಳು ಕಾದಂಬರಿಗೆ ಜ್ಞಾನಪೀಠ ಪ್ರಶಸ್ತಿ ಬಂತು. 1989ರಲ್ಲಿ, ಎಂಭತ್ತು ದಾಟಿದ ಮೇಲೆ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಲೋಕಸಭೆಯ ಚುನಾವಣೆಗೆ ನಿಂತು ಸೋತರು.

ತನ್ನ ಊರಿನ ಬಳಿಗೇ ಮರಳಿ ಸಾಲಿಗ್ರಾಮದಲ್ಲಿ ಮುಪ್ಪನ್ನು ಕಳೆದ ಕಾರಂತರು 1997ರ ಡಿಸೆಂಬರ್ 9ರಂದು ತೀರಿಕೊಂಡರು. ಆ ಕೊನೆಯ ದಿನಗಳಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ, ಅವರು ಹಕ್ಕಿಗಳ ಕುರಿತು ಒಂದು ಪುಸ್ತಕ ಬರೆಯುವುದರಲ್ಲಿ ತೊಡಗಿದ್ದರು.